ಹಾಳೆ ಕಂದಾಗಲು ಮಲೆನಾಡಿನಲ್ಲಿ ಮೂರು ಮಳೆಗಾಲ ಸಾಕು

ಹಳೆಯ ಕಾಮಿಕ್ಸ್ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು ಹೇಳುತ್ತವೆ. ಹಾಳೆ ಕಂದಾಗಿದೆ, ಮುಗ್ಗಲು ವಾಸನೆ ಬರುತ್ತಿದೆ, ಹಾಗಾಗಿ ಇದು ಮೊದಲ ಮುದ್ರಣವೇ ಸರಿ ಎಂದು. ಇದಕ್ಕೆ ಉತ್ತರ ಬರೆದು ಬರೆದು ಸಾಕಾಗಿದೆ. ಈ ಸಲ ಒಬ್ಬರಿಗೆ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಉಳಿದವರೂ ಓದಿಕೊಳ್ಳಿ.

ಪ್ರಶ್ನೆ: ಸರ್, ಆನ್‌ಲೈನ್ ಹರಾಜಿನಲ್ಲಿ ‘ಅಮರ ಚಿತ್ರ ಕಥೆ’ಯ ‘ಕೃಷ್ಣ’ ಇಂಗ್ಲಿಷ್ ಸಂಚಿಕೆಯನ್ನು 9,200 ರೂಪಾಯಿಗೆ ಕೊಂಡೆ. ‘1969ರ ಮೊದಲ ಮುದ್ರಣ’ ಎಂದು ಮಾರಿದವರು ಬರೆದಿದ್ದರು. ಸಂಖ್ಯೆ 11 ಎಂದೂ ಇದೆ, ಹಾಳೆಯೆಲ್ಲ ಕಂದು. ಗೆಳೆಯನೊಬ್ಬ ಮಾತ್ರ ಮೋಸ ಹೋದೆ ಅನ್ನುತ್ತಿದ್ದಾನೆ. ಫೋಟೊ ಕಳಿಸಿದ್ದೇನೆ. — ತೀರ್ಥಹಳ್ಳಿಯ ಓದುಗರು

ನಿಮ್ಮ ಗೆಳೆಯ ಹೇಳಿದ್ದು ನಿಜ. ನೀವೇ ಕಳಿಸಿದ ಮೂರನೇ ಫೋಟೊದಲ್ಲಿ ಪ್ರಕಾಶಕರ ವಿಳಾಸ ಇದೆ, ‘ಬಾಂಬೆ’ ಎಂದಾದ ಮೇಲೆ ಆರು ಅಂಕಿಗಳಿವೆ. ಆರಂಕಿಯ ಪಿನ್‌ಕೋಡ್ ನಮ್ಮ ದೇಶದಲ್ಲಿ ಶುರುವಾದದ್ದು 1972ರ ಆಗಸ್ಟ್ 15ರಂದು. 1969ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅದು ಎಲ್ಲಿಂದ ಬರಬೇಕು?

ಸಂಖ್ಯೆ 11 ನೋಡಿ ನೀವು ನಂಬಿದಿರಿ. ಈ ಮಾಲೆಯ ಮೊದಲ ಹತ್ತು ಸಂಖ್ಯೆಗಳು ಸಿಂಡ್ರೆಲ್ಲಾ, ಪಿನೋಕಿಯೋ ತರಹದ ಹೊರದೇಶದ ಕಥೆಗಳಿಗೆ ಹೋಗಿದ್ದವು, ‘ಕೃಷ್ಣ’ ಹನ್ನೊಂದನೆಯದು. ಅಷ್ಟು ನಿಜ. ಆದರೆ ಮರುಮುದ್ರಣ ಮಾಡಿದಾಗಲೂ ಸಂಖ್ಯೆ ಅದೇ ಉಳಿಯಿತು. ಎಷ್ಟೋ ವರ್ಷಗಳ ನಂತರ ಹೊಸದಾಗಿ ಸಂಖ್ಯೆ ಕೊಟ್ಟಾಗಷ್ಟೇ ‘ಕೃಷ್ಣ’ 501 ಆದದ್ದು. ಹಾಗಾಗಿ 501 ಕಂಡರೆ ಪುಸ್ತಕ ಕೆಳಗಿಡಿ, 11 ಕಂಡರೆ ಹುಡುಕಾಟ ಶುರುಮಾಡಿ. ಕಾಪಿರೈಟ್ ಗುರುತಿನ ಮುಂದಿರುವ ವರ್ಷವೂ ಹಾಗೆಯೇ. ಅದು ಹಕ್ಕು ಯಾವಾಗಿನದು ಎಂದು ಹೇಳುತ್ತದೆ, ಕೈಯಲ್ಲಿರುವ ಪ್ರತಿ ಯಾವಾಗ ಅಚ್ಚಾಯಿತು ಎಂದಲ್ಲ.

ನಾನು ನೋಡುವುದು ಆ ವರ್ಷದಲ್ಲಿ ಇರಲು ಸಾಧ್ಯವಿಲ್ಲದ್ದೇನಾದರೂ ಪುಸ್ತಕದಲ್ಲಿದೆಯೇ ಎಂದು. ಏಜೆಂಟರ ವಿಳಾಸದಲ್ಲಿ ‘ಕರ್ನಾಟಕ’ ಎಂದಿದ್ದರೆ ಅದು 1973ರ ನವೆಂಬರಿನ ಈಚಿನದು, ಅಲ್ಲಿಯವರೆಗೆ ನಮ್ಮದು ಮೈಸೂರು ರಾಜ್ಯ. ಇಂಗ್ಲಿಷಿನಲ್ಲಿ ‘ಮುಂಬೈ’ ಎಂದಿದ್ದರೆ 1995ರ ನಂತರದ್ದು. ಪ್ರಕಾಶಕರ ಜಾಗದಲ್ಲಿ ಎಸಿಕೆ ಮೀಡಿಯಾ ಎಂಬ ಹೆಸರಿದ್ದರೆ 2007ರ ಈಚೆಗೆ, ಬೆಲೆಯ ಮುಂದೆ ₹ ಚಿಹ್ನೆ ಇದ್ದರೆ 2010ರ ಈಚೆಗೆ. ಇವುಗಳಲ್ಲಿ ಒಂದು ಸಿಕ್ಕಿದರೂ ತೀರ್ಮಾನವಾಯಿತು. ಯಾವುದೂ ಸಿಗಲಿಲ್ಲ ಎಂದ ಮಾತ್ರಕ್ಕೆ ಪುಸ್ತಕ ಮೊದಲ ಮುದ್ರಣ ಆಗಿಬಿಡುವುದಿಲ್ಲ. 1971ರ ಮರುಮುದ್ರಣದಲ್ಲೂ ಇವು ಯಾವುವೂ ಇರುವುದಿಲ್ಲ.

ಇನ್ನು ಹಾಳೆಯ ಬಣ್ಣ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರೇ ಇದನ್ನು ನಂಬಿದರೆ ನನಗೆ ಸಿಟ್ಟು ಬರುತ್ತದೆ. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ ಒಂದು ವಾರಪತ್ರಿಕೆ ಇಟ್ಟು, ಮೂರು ಮಳೆಗಾಲ ಕಳೆದ ಮೇಲೆ ತೆಗೆದು ನೋಡಿ. ಹೊಗೆಗೂ ಬೂಷ್ಟಿಗೂ ಅದು ಅಜ್ಜನ ಕಾಲದ್ದರಂತೆ ಕಾಣುತ್ತದೆ. ಅಷ್ಟೂ ಕಾಯಲಾರದವರು ಟೀ ಡಿಕಾಕ್ಷನ್‌ನಲ್ಲಿ ಅದ್ದುತ್ತಾರೆ. ಅಗ್ಗದ ಕಾಗದ ತಾನಾಗಿ ಮುಪ್ಪಾಗುವುದು ಅಂಚಿನಿಂದ ಒಳಕ್ಕೆ, ಗಾಳಿ ಬೆಳಕು ಮೊದಲು ತಾಗುವುದು ಅಲ್ಲಿ. ಅಂಚು ಕಡುಕಂದಾಗಿ ಪುಟದ ನಡು ಇನ್ನೂ ತಿಳಿಯಾಗಿರುತ್ತದೆ. ಅದ್ದಿ ತೆಗೆದದ್ದು ಎಲ್ಲ ಕಡೆ ಒಂದೇ ಬಣ್ಣ, ಇಲ್ಲವೇ ನೀರು ನಿಂತು ಆರಿದ ಗೆರೆ. ನಡುಪುಟ ಬಿಡಿಸಿ ಪಿನ್ನನ್ನೂ ನೋಡಿ. ನಮ್ಮ ತೇವದಲ್ಲಿ ಐವತ್ತು ವರ್ಷ ಇದ್ದ ಪಿನ್ನು ಸುತ್ತಲ ನಾಲ್ಕಾರು ಹಾಳೆಗಾದರೂ ತುಕ್ಕು ಇಳಿಸಿರುತ್ತದೆ. ನಿಮ್ಮ ಫೋಟೊದಲ್ಲಿ ಪಿನ್ನು ಹೊಳೆಯುತ್ತಿದೆ, ಸುತ್ತ ಒಂದು ಕಲೆಯೂ ಇಲ್ಲ.

ಒಂದು ಸಮಾಧಾನ ಎಂದರೆ ನಿಮ್ಮದು ಪ್ರಕಾಶಕರೇ ಹಾಕಿದ ಮರುಮುದ್ರಣ ಇರಬಹುದು, ಫೋಟೊ ನೋಡಿ ಖಚಿತವಾಗಿ ಹೇಳಲಾರೆ. ಮಾರಿದವರ ವಿವರಣೆಯಂತೂ ಸುಳ್ಳು. ಆ ವಿವರಣೆಯ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ಪಿನ್‌ಕೋಡ್ ಇರುವ ಪುಟದ ಫೋಟೊ ಜೊತೆಗೆ ಹಾಕಿ ಹಣ ವಾಪಸ್ ಕೇಳಿ. ಮಾರಿದವರು ವ್ಯಾಪಾರಸ್ಥರಾಗಿದ್ದು ಒಪ್ಪದಿದ್ದರೆ 1915ಕ್ಕೆ ಕರೆ ಮಾಡಿ, ಅದು ಗ್ರಾಹಕರ ಸಹಾಯವಾಣಿ.

ಮುಂದೆ ಹರಾಜು ಕೂಗುವ ಮೊದಲೇ ವಿಳಾಸದ ಪುಟ, ಹಿಂಬದಿ ರಕ್ಷಾಪುಟ, ಪಿನ್ನು, ಈ ಮೂರರ ಫೋಟೊ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ.

ಪ್ರಶ್ನೆ: ‘ಇಂದ್ರಜಾಲ ಕಾಮಿಕ್ಸ್’ನ ಮೊದಲ ಸಂಚಿಕೆ ಹರಾಜಿಗೆ ಬಂದಿದೆ. ಫೋಟೊ ನೋಡಿ ಅಸಲಿ ಎಂದು ಹೇಳುತ್ತೀರಾ? — ಸಾಗರ

ಹೇಳುವುದಿಲ್ಲ. ಫೋಟೊ ನೋಡಿ ‘ಅಲ್ಲ’ ಎನ್ನಬಹುದು, ‘ಹೌದು’ ಎನ್ನಲು ಆಗದು. ಕೆಲವು ವರ್ಷಗಳ ಹಿಂದೆ ಒಬ್ಬ ಮೇಷ್ಟರು ಇದೇ ಮಾಲೆಯ ಹಳೆಯ ಸಂಚಿಕೆಯ ಫೋಟೊ ಕಳಿಸಿದಾಗ ‘ಹಳೆಯದೇ, ತಗೊಳ್ಳಿ’ ಎಂದುಬಿಟ್ಟೆ. ಪುಸ್ತಕ ಬಂದಿತು. ದುರ್ಗಿಗುಡಿಯ ನನ್ನ ಮನೆಯಲ್ಲೇ ಕೂತು ಭೂತಗನ್ನಡಿ ಹಿಡಿದೆವು. ಹಳೆಯ ಅಚ್ಚಿನಲ್ಲಿ ಅಕ್ಷರ ಮತ್ತು ಚಿತ್ರದ ಗೆರೆ ಗಟ್ಟಿ ಕಪ್ಪು, ಬಣ್ಣಕ್ಕೆ ಮಾತ್ರ ಚುಕ್ಕಿ. ಅದರಲ್ಲಿ ಮಾತಿನ ಗುಳ್ಳೆಯೊಳಗಿನ ಅಕ್ಷರಗಳೂ ನೀಲಿ, ಕೆಂಪು, ಹಳದಿ ಚುಕ್ಕಿಗಳಾಗಿ ಒಡೆದಿದ್ದವು. ಯಾರೋ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರು. ಮೇಷ್ಟರು ಏನೂ ಅನ್ನಲಿಲ್ಲ, ಪುಸ್ತಕ ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋದರು. ಪುಸ್ತಕ ನನ್ನ ಕೈಗೆ ಬಾರದೆ ಇನ್ನು ನಾನು ಹೌದು ಎನ್ನುವವನಲ್ಲ.

ಪ್ರಶ್ನೆ: ಸೂಪರ್‌ಮ್ಯಾನ್ ಮೊದಲು ಬಂದ ‘ಆಕ್ಷನ್ ಕಾಮಿಕ್ಸ್’ 1ನೇ ಸಂಚಿಕೆ ನಮ್ಮಲ್ಲಿದೆ. ಬೆಲೆ 10 ಸೆಂಟ್ ಎಂದೇ ಅಚ್ಚಾಗಿದೆ. ಕೋಟಿ ಬಾಳುತ್ತದೆಯೇ? — ಭದ್ರಾವತಿ

ಸ್ಕೇಲ್ ಹಿಡಿಯಿರಿ: 1938ರ ಮೂಲ ಪ್ರತಿಯ ಎತ್ತರ ಸುಮಾರು ಹತ್ತೂಕಾಲು ಇಂಚು, ಹದಿಮೂರೂವರೆ ಇದ್ದರೆ ಅದು 1974ರ ದೊಡ್ಡಳತೆಯ ಮರುಮುದ್ರಣದ ಹೊರ ರಕ್ಷಾಪುಟ ಕಿತ್ತದ್ದು, ಅದರೊಳಗೆ ಮೂಲ ರಕ್ಷಾಪುಟ 10 ಸೆಂಟ್ ಬೆಲೆಯ ಸಮೇತ ಹಾಗೆಯೇ ಅಚ್ಚಾಗಿರುತ್ತದೆ.

ಪ್ರಶ್ನೆ: ಮಾರುವವರು ‘ಅಸಲಿ’ ಎಂದು ಸರ್ಟಿಫಿಕೇಟ್ ಕೊಡುತ್ತಾರಂತೆ, ನಂಬಬಹುದೇ? — ಹೊಸನಗರ

ಮಾರುವವರೇ ಬರೆದುಕೊಟ್ಟದ್ದಕ್ಕೆ ಕಿಮ್ಮತ್ತಿಲ್ಲ.

ಪ್ರಶ್ನೆ: ಮಳೆಗಾಲದ ತೇವಕ್ಕೆ ಹಾಳಾಗದಂತೆ ಹಳೆಯ ಕಾಮಿಕ್ಸ್ ಲ್ಯಾಮಿನೇಶನ್ ಮಾಡಿಸಲೇ? — ಆಗುಂಬೆ

ಖಂಡಿತ ಬೇಡ. ಈಗಾಗಲೇ ಮಾಡಿಸಿದ್ದರೆ ಬಿಡಿಸಲೂ ಹೋಗಬೇಡಿ, ಪ್ಲಾಸ್ಟಿಕ್ಕಿನ ಜೊತೆ ಚಿತ್ರವೂ ಕಿತ್ತು ಬರುತ್ತದೆ.