ಹತ್ತನೇ ವಯಸ್ಸಿನ ಕವಲು: ಜರ್ಮನಿಯ ಶಾಲೆಗಳ ಬಗ್ಗೆ ಓದುಗರೊಬ್ಬರಿಗೆ ಉತ್ತರ

ಮಾನ್ಯರೇ,

ಹಾಸನದಿಂದ ನೀವು ಬರೆದ ಪತ್ರ ತಲುಪಿದೆ. ಮಗಳ ಸಂಸಾರ ಮ್ಯೂನಿಕ್‌ನಲ್ಲಿ ನೆಲೆಸಿರುವುದನ್ನೂ, ಮೊಮ್ಮಗ ಅಲ್ಲಿ ಮೂರನೇ ತರಗತಿಗೆ ಸೇರಿರುವುದನ್ನೂ, ಅವನ ತಂಗಿ ಇನ್ನೂ ಶಿಶುವಿಹಾರದಲ್ಲಿರುವುದನ್ನೂ ತಿಳಿಸಿ ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ಮಗುವಿಗೆ ಹತ್ತು ತುಂಬುವಷ್ಟರಲ್ಲಿ ಅದು ಡಾಕ್ಟರಾಗಬೇಕೋ ಮೆಕ್ಯಾನಿಕ್ ಆಗಬೇಕೋ ಎಂದು ಅಲ್ಲಿನ ಸರ್ಕಾರವೇ ತೀರ್ಮಾನಿಸಿಬಿಡುತ್ತದಂತೆ, ನಿಜವೇ ಎಂಬುದು ಮೊದಲನೆಯದು. ಕಾಲೇಜು ಪುಕ್ಕಟೆಯಂತೆ, ದ್ವಿತೀಯ ಪಿಯುಸಿಯಲ್ಲಿರುವ ಇನ್ನೊಬ್ಬ ಮೊಮ್ಮಗಳನ್ನೂ ಅಲ್ಲಿಗೆ ಕಳಿಸಬಹುದೇ ಎಂಬುದು ಎರಡನೆಯದು. ನೀವು ಮೂರು ದಶಕ ಪ್ರೌಢಶಾಲೆಯಲ್ಲಿ ಪಾಠ ಹೇಳಿದವರಾದ್ದರಿಂದ ಚುಟುಕಾಗಿ ಉತ್ತರಿಸಿ ಮುಗಿಸುವುದಕ್ಕಿಂತ ವ್ಯವಸ್ಥೆ ನಡೆಯುವ ಬಗೆಯನ್ನೇ ತುಸು ವಿವರವಾಗಿ ಹೇಳುವುದು ಸರಿ ಎನ್ನಿಸಿತು.

ಹತ್ತನೇ ವಯಸ್ಸಿನಲ್ಲಿ ಕವಲು ಇರುವುದು ನಿಜ. ಅಲ್ಲಿ ಹಣೆಬರಹ ನಿಶ್ಚಯವಾಗಿಬಿಡುತ್ತದೆ ಎಂಬುದು, ಕನಿಷ್ಠ ಕಾನೂನಿನ ಮಟ್ಟಿಗೆ, ಸುಳ್ಳು. ಆದರೆ ಮುಂದಿನ ಬಾಗಿಲುಗಳು ಯಾವ ಮಗುವಿಗೆ ನಿಜವಾಗಿ ತೆರೆದಿರುತ್ತವೆ ಎಂಬುದು ಮಗುವಿನ ಬುದ್ಧಿಯಷ್ಟೇ ಮನೆಯವರ ತಿಳಿವಳಿಕೆಯ ಮೇಲೂ ನಿಂತಿದೆ. ನಾನು ಹೇಳಬೇಕಾದ ಮುಖ್ಯ ಸಂಗತಿ ಇದೇ.

ಮೊದಲಿಗೆ ಒಂದು ಸ್ಪಷ್ಟನೆ. ಜರ್ಮನಿಗೆಲ್ಲ ಅನ್ವಯಿಸುವ ಒಂದೇ ಶಾಲಾ ವ್ಯವಸ್ಥೆ ಎಂಬುದಿಲ್ಲ. 1949ರ ಸಂವಿಧಾನ ಶಿಕ್ಷಣವನ್ನು ರಾಜ್ಯಗಳ ಕೈಗೆ ಬಿಟ್ಟಿದೆ. ಹದಿನಾರು ರಾಜ್ಯಗಳು ತಮ್ಮ ತಮ್ಮ ಪಠ್ಯ, ರಜೆ, ಪರೀಕ್ಷೆಗಳನ್ನು ತಾವೇ ನಿರ್ಧರಿಸುತ್ತವೆ. ಅವುಗಳ ನಡುವೆ ಹೊಂದಾಣಿಕೆ ತರಲು 1948ರಲ್ಲೇ, ಅಂದರೆ ಗಣರಾಜ್ಯ ಹುಟ್ಟುವ ಮೊದಲೇ, ಶಿಕ್ಷಣ ಮಂತ್ರಿಗಳ ಸಮ್ಮೇಳನವೊಂದು ರಚನೆಯಾಯಿತು. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ಗಳಲ್ಲಿ ಪ್ರಾಥಮಿಕ ಶಾಲೆ ಆರು ವರ್ಷದ್ದಾದರೆ ಉಳಿದೆಡೆ ನಾಲ್ಕೇ ವರ್ಷ. ಹ್ಯಾಂಬರ್ಗ್‌ನ ಸರ್ಕಾರ ತನ್ನಲ್ಲೂ ಅದನ್ನು ಆರಕ್ಕೆ ಏರಿಸಲು ಹೊರಟಾಗ 2010ರ ಜುಲೈನಲ್ಲಿ ಅಲ್ಲಿನ ಮತದಾರರು ಜನಮತಗಣನೆಯಲ್ಲಿ ಅದನ್ನು ತಳ್ಳಿಹಾಕಿದರು. ಮಕ್ಕಳನ್ನು ಬೇಗ ಬೇರ್ಪಡಿಸುವ ಪದ್ಧತಿ ಮೇಲಿನಿಂದ ಹೇರಿದ್ದು ಮಾತ್ರವಲ್ಲ, ಅದನ್ನು ಬಿಟ್ಟುಕೊಡಲು ಒಪ್ಪದ ಪಾಲಕರೂ ಬಹಳ ಮಂದಿ ಇದ್ದಾರೆ ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ಮಗಳು ಇರುವುದು ಬವೇರಿಯಾದಲ್ಲಿ; 2007ರಿಂದ ಕರ್ನಾಟಕದೊಡನೆ ಸಹಭಾಗಿತ್ವದ ಒಪ್ಪಂದ ಮಾಡಿಕೊಂಡಿರುವ ರಾಜ್ಯ ಅದು. ಈ ಬೇರ್ಪಡಿಸುವಿಕೆಯಲ್ಲಿ ಅತ್ಯಂತ ಬಿಗಿಯಾದ ರಾಜ್ಯಗಳಲ್ಲೂ ಅದೊಂದು. ಆದ್ದರಿಂದ ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಬವೇರಿಯಾದ ಮಾತು.

ಶಿಶುವಿಹಾರ ಅಲ್ಲಿ ಶಾಲೆಯ ಭಾಗವೇ ಅಲ್ಲ. ಅದು ಮಕ್ಕಳ ಮತ್ತು ಯುವಜನರ ಕಲ್ಯಾಣದ ಕಾನೂನಿಗೆ ಸೇರಿದ್ದು. ಮೂರು ವರ್ಷ ತುಂಬಿದ ಮಗುವಿಗೆ 1996ರಿಂದಲೂ, ಒಂದು ವರ್ಷ ತುಂಬಿದ ಮಗುವಿಗೆ 2013ರ ಆಗಸ್ಟ್‌ನಿಂದಲೂ ಜಾಗ ಕೇಳುವ ಹಕ್ಕಿದೆ, ಆದರೆ ದೊಡ್ಡ ನಗರಗಳಲ್ಲಿ ಆ ಹಕ್ಕನ್ನು ಹಿಡಿದುಕೊಂಡು ಕಾಯುವವರ ಪಟ್ಟಿಯೂ ಉದ್ದವಾಗಿಯೇ ಇರುತ್ತದೆ. ಅಲ್ಲಿ ಅಕ್ಷರ ತಿದ್ದಿಸುವುದಿಲ್ಲ, ಮಗ್ಗಿ ಹೇಳಿಸುವುದಿಲ್ಲ. ಎಲ್‌ಕೆಜಿಯಲ್ಲೇ ಹೋಂವರ್ಕ್ ನೋಡಿ ಅಭ್ಯಾಸವಾದ ನಮ್ಮವರಿಗೆ ಇದು ಕಳವಳ ಹುಟ್ಟಿಸುತ್ತದೆ. ಮೊಮ್ಮಗಳ ವಿಷಯದಲ್ಲಿ ಆ ಕಳವಳ ಬೇಡ. ಗಮನ ಕೊಡಬೇಕಾದದ್ದು ಜರ್ಮನ್ ಭಾಷೆಗೆ. ಭಾಷೆಯಲ್ಲಿ ಹಿಂದುಳಿದ ಮಕ್ಕಳಿಗೆ ಶಾಲೆ ಸೇರುವ ಮುನ್ನ 240 ಗಂಟೆಗಳ ಜರ್ಮನ್ ಪೂರ್ವಪಾಠವನ್ನು ಬವೇರಿಯಾ ಕೊಡುತ್ತದೆ. ಅದನ್ನು ಮಗುವಿಗೆ ಅಂಟಿದ ಕಳಂಕವೆಂದು ತಿಳಿದು ತಪ್ಪಿಸಿಕೊಳ್ಳುವುದಕ್ಕಿಂತ ಕೇಳಿ ಪಡೆದುಕೊಳ್ಳುವುದೇ ಮೇಲು.

ಆರು ವರ್ಷಕ್ಕೆ ಕಡ್ಡಾಯ ಶಿಕ್ಷಣ ಆರಂಭ. ಮನೆಯಲ್ಲೇ ಕಲಿಸುತ್ತೇವೆ ಎಂದರೆ ಕಾನೂನು ಒಪ್ಪುವುದಿಲ್ಲ. ಮೊದಲ ದಿನ ಮಕ್ಕಳು ತಮ್ಮ ಎದೆಯೆತ್ತರದ ರಟ್ಟಿನ ಶಂಕುವೊಂದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬರುತ್ತಾರೆ. ಅದರೊಳಗೆ ಮಿಠಾಯಿ, ಬಣ್ಣದ ಪೆನ್ಸಿಲ್, ಸಣ್ಣಪುಟ್ಟ ಆಟಿಕೆ. ಯಾವ ಶಾಲೆ ಎಂಬುದನ್ನು ಮನೆಯ ವಿಳಾಸ ನಿರ್ಧರಿಸುತ್ತದೆ. ಆ ಬೀದಿಗೆ ಗೊತ್ತುಪಡಿಸಿದ ಸರ್ಕಾರಿ ಶಾಲೆಗೇ ಎಂಜಿನಿಯರರ ಮಗುವೂ ಬಸ್ ಚಾಲಕರ ಮಗುವೂ ಹೋಗಬೇಕು. 1920ರಲ್ಲಿ, ಮೊದಲ ಮಹಾಯುದ್ಧದ ನಂತರ ಬಂದ ವೈಮರ್ ಗಣರಾಜ್ಯದ ಕಾಲದಲ್ಲಿ, ಎಲ್ಲ ವರ್ಗದ ಮಕ್ಕಳಿಗೂ ಒಂದೇ ನಾಲ್ಕು ವರ್ಷದ ಶಾಲೆ ಎಂಬ ಕಾಯ್ದೆ ಬಂತು. ಅದಕ್ಕೆ ಮುಂಚೆ ಉಳ್ಳವರ ಮಕ್ಕಳು ಶುಲ್ಕ ತೆತ್ತು ಪ್ರತ್ಯೇಕ ಪೂರ್ವಶಾಲೆಗಳಲ್ಲಿ ಓದುತ್ತಿದ್ದರು. ಖಾಸಗಿ ಶಾಲೆಗಳು ಇಲ್ಲವೆಂದಲ್ಲ, ಇವೆ, ಆದರೆ ತಂದೆತಾಯಿಯ ಹಣಕಾಸಿನ ಮೇಲೆ ಮಕ್ಕಳನ್ನು ವಿಂಗಡಿಸುವುದಕ್ಕೆ ಅವು ದಾರಿಯಾಗಕೂಡದೆಂದು ಸಂವಿಧಾನದ ಏಳನೇ ವಿಧಿಯೇ ಹೇಳುತ್ತದೆ. ನಮ್ಮ ಬಡಾವಣೆಗಳ ಶಾಲಾ ಬಸ್ಸುಗಳ ಸಾಲನ್ನು ನೋಡುವಾಗಲೆಲ್ಲ ನನಗೆ ಈ ವಿಧಿ ನೆನಪಾಗುವುದುಂಟು.

ಇನ್ನು ನಿಮ್ಮ ಮೊಮ್ಮಗನ ವಿಷಯ. ಬವೇರಿಯಾದಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಮೇ ತಿಂಗಳ ಆರಂಭದಲ್ಲಿ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಲೆಕ್ಕಕ್ಕೆ ಬರುವುದು ಮೂರೇ ವಿಷಯ: ಜರ್ಮನ್, ಗಣಿತ, ಮತ್ತು ನಮ್ಮ ಪರಿಸರ ಅಧ್ಯಯನವನ್ನು ಹೋಲುವ ಊರು-ಪರಿಸರ ಪರಿಚಯ. ಅಲ್ಲಿ ಒಂದು ಎಂದರೆ ಅತ್ಯುತ್ತಮ, ಆರು ಎಂದರೆ ತೀರಾ ಕಳಪೆ. ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ ಗಿಮ್ನಾಸಿಯಂ ಎಂಬ ಪ್ರೌಢಶಾಲೆಗೆ ಅರ್ಹತೆ, 2.66ರವರೆಗೆ ರಿಯಾಲ್‌ಶೂಲೆ ಎಂಬ ಮಧ್ಯಮ ಹಂತದ ಶಾಲೆಗೆ, ಉಳಿದವರಿಗೆ ಮಿಟ್ಟೆಲ್‌ಶೂಲೆ ಎಂಬ ಮೂರನೇ ಬಗೆಯ ಶಾಲೆ. ಜರ್ಮನ್‌ನಲ್ಲಿ ಎರಡು, ಗಣಿತದಲ್ಲಿ ಎರಡು, ಪರಿಸರದಲ್ಲಿ ಮೂರು ಬಂದ ಹುಡುಗ ಮೊದಲ ಗುಂಪಿಗೆ ಸರಿಯಾಗಿ ಅಂಚಿನಲ್ಲಿ ಸೇರುತ್ತಾನೆ; ಅವನ ಪಕ್ಕದಲ್ಲಿ ಕೂತವಳಿಗೆ ಜರ್ಮನ್‌ನಲ್ಲಿ ಮಾತ್ರ ಎರಡರ ಬದಲು ಮೂರು ಬಂದಿದ್ದರೆ ಆಕೆ ಎರಡನೇ ಗುಂಪಿಗೆ ಹೋಗುತ್ತಾಳೆ. ಇಬ್ಬರ ನಡುವಿನ ಅಂತರ ಒಂದು ವಿಷಯದ ಒಂದು ಶ್ರೇಣಿ. ಪರಿಸರ ವಿಷಯದ ಉತ್ತರವನ್ನೂ ಜರ್ಮನ್‌ನಲ್ಲೇ ಬರೆಯಬೇಕಾದ್ದರಿಂದ ಮೂರರಲ್ಲಿ ಎರಡು ವಿಷಯ ಭಾಷೆಯ ಮೇಲೆ ನಿಂತಂತಾಯಿತು. ಹೀಗಾಗಿ ಆ ವರ್ಷ ಮನೆಮನೆಗಳಲ್ಲಿ ಉಸಿರು ಬಿಗಿಹಿಡಿದ ವಾತಾವರಣ ಇರುತ್ತದೆ ಎಂಬ ಮಾತನ್ನು ನಿಮ್ಮ ಮಗಳೂ ಕೇಳಿರಬೇಕು.

ಬೇಕಾದ ಸರಾಸರಿ ಬಾರದವರು ಮೂರು ದಿನಗಳ ಪ್ರವೇಶ ಪಾಠದಲ್ಲಿ ಭಾಗವಹಿಸಿ ಜರ್ಮನ್ ಮತ್ತು ಗಣಿತದಲ್ಲಿ ಪರೀಕ್ಷೆ ಎದುರಿಸಬಹುದು. ನಿಮ್ಮ ಮೊಮ್ಮಗನಿಗೆ ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಮನೆಮಾತು ಜರ್ಮನ್ ಅಲ್ಲದ, ಒಂದನೇ ತರಗತಿಯಿಂದಲೇ ಜರ್ಮನ್ ಶಾಲೆಯಲ್ಲಿ ಓದದ ಮಗುವಿನ ಶ್ರೇಣಿ ಕುಸಿಯಲು ಭಾಷೆಯ ಕೊರತೆಯೇ ಕಾರಣವಾಗಿದ್ದು, ಆ ಕೊರತೆ ತುಂಬಬಹುದಾದದ್ದು ಎಂದು ಶಿಕ್ಷಕರಿಗೆ ಅನ್ನಿಸಿದರೆ, ಸರಾಸರಿ 3.33ರವರೆಗೆ ಇದ್ದರೂ ಅರ್ಹತೆ ಕೊಡಲು ಅವಕಾಶವಿದೆ. ಮೂರನೇ ತರಗತಿಗೆ ಹೋಗಿ ಸೇರಿದ ನಿಮ್ಮ ಹುಡುಗ ಈ ವಿವರಣೆಯೊಳಗೆ ಬರುತ್ತಾನೆ. ಇದು ತಾನಾಗಿ ದಕ್ಕುವ ಹಕ್ಕಲ್ಲ, ಶಾಲೆಯ ವಿವೇಚನೆಗೆ ಬಿಟ್ಟದ್ದು. ಆದ್ದರಿಂದ ನಾಲ್ಕನೇ ತರಗತಿಯ ಆರಂಭದಲ್ಲೇ ಮಗಳು ತರಗತಿಯ ಶಿಕ್ಷಕಿಯನ್ನು ಕಂಡು ಈ ನಿಯಮದ ಹೆಸರೆತ್ತಿ ಮಾತಾಡಲಿ. ಮೇ ತಿಂಗಳಲ್ಲಿ ಕೈಗೆ ಕಾಗದ ಬಂದ ಮೇಲೆ ಹೋದರೆ ತಡವಾಗುತ್ತದೆ.

ಮೂರೂ ಶಾಲೆಗಳ ಹಾದಿ ಹೀಗೆ. ಗಿಮ್ನಾಸಿಯಂ ಐದರಿಂದ ಹದಿಮೂರನೇ ತರಗತಿಯವರೆಗೆ ನಡೆದು ಅಬಿಟೂರ್ ಎಂಬ ಅಂತಿಮ ಪರೀಕ್ಷೆಯಲ್ಲಿ ಮುಗಿಯುತ್ತದೆ. ಅದನ್ನು ಗೆದ್ದವರು ಯಾವುದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದು. ಬವೇರಿಯಾ ನಡುವೆ ಒಂದು ವರ್ಷ ಕತ್ತರಿಸಿ ಹನ್ನೆರಡಕ್ಕೇ ಮುಗಿಸುವ ಪ್ರಯೋಗ ನಡೆಸಿ, ಪಾಲಕರ ಅಸಮಾಧಾನಕ್ಕೆ ಮಣಿದು 2018ರಿಂದ ಮತ್ತೆ ಹದಿಮೂರಕ್ಕೆ ಮರಳಿತು. ರಿಯಾಲ್‌ಶೂಲೆ ಹತ್ತಕ್ಕೆ ಮುಗಿಯುತ್ತದೆ. ಮಿಟ್ಟೆಲ್‌ಶೂಲೆ ಒಂಬತ್ತಕ್ಕೆ ಮುಗಿದರೂ ಹತ್ತರವರೆಗೆ ಒಯ್ಯುವ ಶಾಖೆಯೊಂದು ಅಲ್ಲಿಯೂ ಇದೆ.

ಹಣೆಬರಹದ ಮಾತು ಸುಳ್ಳೆಂದದ್ದು ಇದರ ಮುಂದಿನ ಏರ್ಪಾಡಿಗಾಗಿ. ರಿಯಾಲ್‌ಶೂಲೆ ಮುಗಿಸಿದ ಹುಡುಗಿ ಒಳ್ಳೆಯ ಶ್ರೇಣಿಯಿದ್ದರೆ ಫಾಖ್‌ಓಬರ್‌ಶೂಲೆ ಎಂಬ ವೃತ್ತಿಮುಖಿ ಮೇಲ್ಶಾಲೆ ಸೇರಿ, ಹನ್ನೆರಡನೇ ತರಗತಿಯ ನಂತರ ಅನ್ವಯಿಕ ವಿಜ್ಞಾನಗಳ ಉನ್ನತ ವಿದ್ಯಾಲಯಕ್ಕೆ ಹೋಗಬಹುದು, ಹದಿಮೂರನ್ನೂ ಮುಗಿಸಿದರೆ ವಿಶ್ವವಿದ್ಯಾಲಯಕ್ಕೂ ಹೋಗಬಹುದು. ಎಸ್ಸೆಸ್ಸೆಲ್ಸಿಯ ನಂತರ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಹಿಡಿದು ನೇರ ಎರಡನೇ ವರ್ಷದ ಬಿ.ಇ.ಗೆ ಹೋದ ಎಷ್ಟೋ ಶಿಷ್ಯರನ್ನು ನೀವು ಕಂಡಿರುತ್ತೀರಿ. ಅಲ್ಲಿನ ಈ ದಾರಿ ಅದಕ್ಕಿಂತ ಅಗಲವಾಗಿದೆ, ಅದನ್ನು ಹಿಡಿದವರನ್ನು ಎರಡನೇ ದರ್ಜೆಯವರೆಂದು ಯಾರೂ ಮೂಗು ಮುರಿಯುವುದಿಲ್ಲ.

ಇನ್ನೊಂದು ದಾರಿ ಔಸ್‌ಬಿಲ್ಡುಂಗ್, ಅಂದರೆ ಉದ್ಯೋಗದಾತರೂ ವೃತ್ತಿಶಾಲೆಯೂ ಸೇರಿ ಕೊಡುವ ತರಬೇತಿ. ಹದಿನಾರರ ಹುಡುಗ ಒಂದು ಕಂಪನಿಯೊಡನೆಯೋ ಬೇಕರಿಯೊಡನೆಯೋ ಬ್ಯಾಂಕಿನೊಡನೆಯೋ ಲಿಖಿತ ಒಪ್ಪಂದ ಮಾಡಿಕೊಂಡು, ವಾರದಲ್ಲಿ ಮೂರು ನಾಲ್ಕು ದಿನ ಅಲ್ಲಿ ಕೆಲಸ ಕಲಿತು ಒಂದೆರಡು ದಿನ ಶಾಲೆಯಲ್ಲಿ ಕೂತು ಓದುತ್ತಾನೆ. ತಿಂಗಳು ತಿಂಗಳು ಭತ್ಯೆ ಬರುತ್ತದೆ. 1969ರ ವೃತ್ತಿಶಿಕ್ಷಣ ಕಾಯ್ದೆಯಡಿ ಮಾನ್ಯತೆ ಪಡೆದ ಇಂಥ ವೃತ್ತಿಗಳು ಮುನ್ನೂರಕ್ಕೂ ಹೆಚ್ಚಿದ್ದು, ಹೆಚ್ಚಿನವಕ್ಕೆ ಮೂರು ಅಥವಾ ಮೂರೂವರೆ ವರ್ಷ. ಕೊನೆಯ ಪರೀಕ್ಷೆಯನ್ನು ಕೆಲಸ ಕೊಟ್ಟ ಕಂಪನಿ ನಡೆಸುವುದಿಲ್ಲ, ಸಾಮಾನ್ಯವಾಗಿ ವಾಣಿಜ್ಯ ಅಥವಾ ಕುಶಲಕರ್ಮಿಗಳ ಮಂಡಳಿ ನಡೆಸುತ್ತದೆ. ಹಾಗಾಗಿ ಪ್ರಮಾಣಪತ್ರಕ್ಕೆ ದೇಶವಿಡೀ ಬೆಲೆ. ಅನುಭವ ಗಳಿಸಿ ಮೈಸ್ಟರ್ ಎಂಬ, ಕಸುಬಿನ ಪರಿಣತರ ಮೇಲ್ಮಟ್ಟದ ಪರೀಕ್ಷೆ ಮುಗಿಸಿದವರಿಗೆ ಅಬಿಟೂರ್ ಇಲ್ಲದೆಯೂ ವಿಶ್ವವಿದ್ಯಾಲಯದ ಬಾಗಿಲು ತೆರೆಯಬೇಕೆಂದು ಶಿಕ್ಷಣ ಮಂತ್ರಿಗಳ ಸಮ್ಮೇಳನ 2009ರಲ್ಲಿ ಒಪ್ಪಿಕೊಂಡಿತು. ಆದ್ದರಿಂದ ನೀವು ಪತ್ರದಲ್ಲಿ ಬರೆದ ‘ಮೆಕ್ಯಾನಿಕ್’ ಎಂಬ ಆತಂಕವನ್ನು ಅಲ್ಲಿಯವರು ಅಷ್ಟಾಗಿ ಹಂಚಿಕೊಳ್ಳಲಾರರು. ವಾಹನ ತಂತ್ರಜ್ಞನಾಗಲು ಅಲ್ಲಿ ಮೂರೂವರೆ ವರ್ಷ ಓದಬೇಕು.

ಇಷ್ಟಾದರೂ ನಾನು ಈ ವ್ಯವಸ್ಥೆಯ ಪರವಾಗಿ ವಕಾಲತ್ತು ವಹಿಸಲಾರೆ. 2000ನೇ ಇಸವಿಯಲ್ಲಿ ಹದಿನೈದು ವರ್ಷದ ಮಕ್ಕಳಿಗಾಗಿ ನಡೆದ ಮೊದಲ ಅಂತಾರಾಷ್ಟ್ರೀಯ ಪೀಸಾ ಪರೀಕ್ಷೆಯ ಫಲಿತಾಂಶ 2001ರ ಡಿಸೆಂಬರ್‌ನಲ್ಲಿ ಹೊರಬಿದ್ದಾಗ ಜರ್ಮನಿ ದಂಗಾಯಿತು. ಸರಾಸರಿಗಿಂತ ಕೆಳಗಿದ್ದುದು ಒಂದು ಅವಮಾನ. ಮಗುವಿನ ಅಂಕಕ್ಕೂ ಮನೆಯ ಸ್ಥಿತಿಗತಿಗೂ ಇದ್ದ ನಂಟು ಅಷ್ಟು ಗಾಢವಾಗಿದ್ದ ದೇಶಗಳು ಕೆಲವೇ ಎಂಬುದು ಅದಕ್ಕಿಂತ ದೊಡ್ಡದು. ಬದಿಯ ಬಾಗಿಲುಗಳು ಇವೆ ಎಂದು ಗೊತ್ತಿರುವುದು, ಅರ್ಜಿಯ ಕೊನೆಯ ದಿನ ಗೊತ್ತಿರುವುದು, ಶಿಕ್ಷಕಿಯ ಎದುರು ಕೂತು ಸಂಕೋಚವಿಲ್ಲದೆ ಮಾತಾಡಬಲ್ಲ ಜರ್ಮನ್ ಇರುವುದು, ಇವೆಲ್ಲ ಓದಿದ ತಂದೆತಾಯಿಗಳಿರುವ ಮನೆಯಲ್ಲಿ ಸಹಜವಾಗಿರುತ್ತವೆ. ಕಟ್ಟಡ ಕೆಲಸಕ್ಕೆಂದು ಬಂದು ನೆಲೆಸಿದವರ ಮನೆಯಲ್ಲಿ ಇರುವುದಿಲ್ಲ. ಒಂಬತ್ತೂವರೆ ವರ್ಷದ ಮಗುವಿನಲ್ಲಿ ಅಳೆಯುವುದು ಎಷ್ಟೋ ಸಲ ಮನೆಯನ್ನೇ ಹೊರತು ಮಗುವನ್ನಲ್ಲ. ನಿಮ್ಮ ಮಗಳು ಅಳಿಯ ಇಬ್ಬರೂ ಓದಿದವರು ಎಂದು ಬರೆದಿದ್ದೀರಿ, ಆದರೆ ಜರ್ಮನ್‌ನಲ್ಲಿ ಅವರೂ ಸದ್ಯಕ್ಕೆ ಅನಕ್ಷರಸ್ಥರಂತೆಯೇ. ಕಚೇರಿಯಲ್ಲಿ ಇಂಗ್ಲಿಷ್ ಸಾಕಾಗುತ್ತದೆಂದು ಅವರು ಸುಮ್ಮನಿದ್ದರೆ ಅದರ ದಂಡವನ್ನು ಹುಡುಗ ತೆರುತ್ತಾನೆ. ಹಾಗೆಂದು ಮನೆಯಲ್ಲಿ ಕನ್ನಡ ಬಿಟ್ಟು ಹರುಕು ಜರ್ಮನ್ ಆಡಬೇಕಿಲ್ಲ. ಮಗು ಒಳ್ಳೆಯ ಜರ್ಮನ್ ಕಲಿಯುವುದು ಶಾಲೆಯಲ್ಲಿ, ಗೆಳೆಯರೊಡನೆ, ಪೇಟೆಯ ಗ್ರಂಥಾಲಯದಲ್ಲಿ. ಒಂದುವೇಳೆ ಅವನು ರಿಯಾಲ್‌ಶೂಲೆಗೆ ಹೋಗುವುದಾದರೆ ಅದನ್ನು ಸೋಲೆಂದು ಫೋನಿನಲ್ಲಿ ಅವನೆದುರು ಯಾರೂ ಮರುಗದಿರಲಿ.

ಇನ್ನು ಕಾಲೇಜಿನ ಮಾತು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರಿಗೆ ಸಣ್ಣ ವಂತಿಗೆ ಮಾತ್ರ. ಅಪವಾದಗಳಿವೆ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1500 ಯೂರೋ ಪಡೆಯುತ್ತಿದೆ; ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಅಂಥವರಿಗೆ ಸ್ನಾತಕ ಮಟ್ಟದಲ್ಲಿ ಸೆಮಿಸ್ಟರಿಗೆ 2000ದಿಂದ 3000 ಯೂರೋ, ಸ್ನಾತಕೋತ್ತರದಲ್ಲಿ 4000ದಿಂದ 6000 ಯೂರೋ ಶುಲ್ಕ ಹಾಕಿದೆ. ಅಲ್ಲೇ ಓದಿ ಅಬಿಟೂರ್ ಪಡೆಯುವ ನಿಮ್ಮ ಮೊಮ್ಮಗನಿಗೆ ಈ ಶುಲ್ಕಗಳು ಅನ್ವಯವಾಗುವುದಿಲ್ಲ.

ಪಿಯುಸಿಯಲ್ಲಿರುವ ಮೊಮ್ಮಗಳ ಪರಿಸ್ಥಿತಿ ಬೇರೆ. ಪಿಯುಸಿ ಪ್ರಮಾಣಪತ್ರ ಮಾತ್ರ ಇಟ್ಟುಕೊಂಡು ನೇರವಾಗಿ ಸ್ನಾತಕ ಪದವಿಗೆ ಸೇರಲು ಸಾಮಾನ್ಯವಾಗಿ ಆಗದು. ಇಲ್ಲಿಯ ಮಾನ್ಯ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿ ತೇರ್ಗಡೆಯಾಗಿರಬೇಕು, ಅಥವಾ ತಾಂತ್ರಿಕ ವಿಷಯಗಳಿಗಾದರೆ ಜೆಇಇ ಅಡ್ವಾನ್ಸ್ಡ್ ದಾಟಿರಬೇಕು. ಜೊತೆಗೆ ಸ್ನಾತಕ ತರಗತಿಗಳ ಪಾಠ ಹೆಚ್ಚಾಗಿ ಜರ್ಮನ್‌ನಲ್ಲೇ ನಡೆಯುತ್ತದೆ. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳು ವೀಸಾಕ್ಕೆ ಮೊದಲು ತಮ್ಮ ಅಂಕಪಟ್ಟಿಗಳನ್ನು ಎಪಿಎಸ್ ಎಂಬ ಕಚೇರಿಯಿಂದ ಪರಿಶೀಲಿಸಿಕೊಳ್ಳಬೇಕಾಗಿದೆ, ಮತ್ತು ಒಂದು ವರ್ಷದ ಜೀವನವೆಚ್ಚಕ್ಕೆಂದು 11,904 ಯೂರೋಗಳನ್ನು ತಡೆಹಿಡಿದ ಖಾತೆಯಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸುವುದು ಈಚಿನ ರೂಢಿ. ಪುಕ್ಕಟೆ ಎಂಬ ಮಾತಿಗೆ ಈ ಮೊತ್ತವನ್ನು ಸೇರಿಸಿಕೊಂಡೇ ಲೆಕ್ಕ ಹಾಕಿ. ನನ್ನನ್ನು ಕೇಳಿದರೆ ಆಕೆ ಪದವಿಯನ್ನು ಇಲ್ಲಿಯೇ ಮುಗಿಸಿ, ಇಂಗ್ಲಿಷ್‌ನಲ್ಲಿ ಹೇರಳವಾಗಿ ನಡೆಯುವ ಸ್ನಾತಕೋತ್ತರಕ್ಕೆ ಅಲ್ಲಿಗೆ ಹೋಗುವುದು ಮೇಲು. ಅಷ್ಟರೊಳಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್‌ನ ಮೊದಲ ಎರಡು ಹಂತಗಳನ್ನಾದರೂ ಮುಗಿಸಿಕೊಳ್ಳಲಿ. ಪಾಠ ಇಂಗ್ಲಿಷ್‌ನಲ್ಲೇ ನಡೆದರೂ ಬಾಡಿಗೆ ಕೋಣೆ ಹುಡುಕಲು, ಕೆಲಸ ಹಿಡಿಯಲು ಬೇಕಾಗುವುದು ಜರ್ಮನ್.

— ಸಂಪಾದಕ