ಹುಣಸೆಯೂ ಅಲಸಂಡೆಯೂ ಒಂದೇ ಕುಟುಂಬವಾ?

ಹುಣಸೆ, ಕಕ್ಕೆ, ನಾಚಿಕೆಮುಳ್ಳು, ಅಲಸಂಡೆ ಎಲ್ಲ ಒಂದೇ ಕುಟುಂಬ (ಕೋಡು ಬಿಡುವ ಗಿಡಗಳ ಫ್ಯಾಬೇಸಿ) ಹೇಗೆ, ನಾವು ಕಾಲೇಜಲ್ಲಿ ಕಲಿತ ಮೂರು ಉಪಕುಟುಂಬ ಮಗಳ ಪುಸ್ತಕದಲ್ಲಿ ಆರು ಯಾಕಾಯ್ತು ಅಂತ ಕೇಳಿದ್ದೀರಿ. ಮೂರು ಅಂದದ್ದು ಮುಖ್ಯವಾಗಿ ಹೂವು ನೋಡಿ. ಆರು ಬಂದದ್ದು 2017ರಲ್ಲಿ, ಎಲೆಯ ಹಸಿರು ಕಣದೊಳಗಿನ ಮ್ಯಾಟ್‌ಕೆ ಅನ್ನುವ ಜೀನನ್ನು ಸಾವಿರಾರು ಜಾತಿಗಳಲ್ಲಿ ಹೋಲಿಸಿದ ಮೇಲೆ. ಈಗ ಹುಣಸೆ, ಅಶೋಕ ಒಂದು ಮನೆ (ಅಂದರೆ ಉಪಕುಟುಂಬ), ಮಂದಾರ ಇನ್ನೊಂದು. ಕಕ್ಕೆಯ ಜೋಲುವ ಹಳದಿ ಗೊಂಚಲಿಗೂ ನಾಚಿಕೆಮುಳ್ಳಿನ ಗುಲಾಬಿ ಉಂಡೆಗೂ ಏನು ಸಂಬಂಧ ಅಂತ ನನಗೂ ಅನ್ನಿಸಿತ್ತು, ಆದರೆ ಅವೆರಡು ಒಂದೇ ಮನೆಯವು ಮಾರಾಯ್ರೆ! ಅಲಸಂಡೆ, ಉದ್ದು, ಹುರುಳಿ, ಗ್ಲಿರಿಸಿಡಿಯಾ ಬೇರೆ ಮನೆ.

ಭ್ರೂಣವೂ ಸುಳಿವು ಕೊಡ್ತದೆ. ಅಲಸಂಡೆ ರಾತ್ರಿ ನೆನೆಸಿ ಬೆಳಿಗ್ಗೆ ಸಿಪ್ಪೆ ತೆಗೆಯಿರಿ. ಎಳೆ ಬೇರು ಬೇಳೆಯ ಅಂಚಿಗೆ ಬಾಗಿ ಒರಗಿಕೊಂಡಿರ್ತದೆ. ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಎರಡು ದಿನ ನೆನೆಸಿ ಬಿಡಿಸಿದರೆ ಅದೇ ಬೇರು ಎರಡು ಬೇಳೆಯ ನಡುವೆ ನೆಟ್ಟಗೆ, ಸಣ್ಣ ಗೂಟದ ಹಾಗೆ. ಮೆಂತೆ ನೆನೆಸಿದರೆ ಲೋಳೆ ಬರುವುದು ಅದರಲ್ಲಿ ಎಂಡೋಸ್ಪರ್ಮ್ (ಭ್ರೂಣಕ್ಕೆ ಆಹಾರವಾಗುವ ಪದರ) ಉಳಿದಿರುವುದರಿಂದ. ಅಲಸಂಡೆಯಲ್ಲಿ ಅದನ್ನು ಭ್ರೂಣ ಮೊದಲೇ ತಿಂದು ಮುಗಿಸಿರ್ತದೆ. ಇನ್ನೂ ಎಳೆ ಬೀಜವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಭ್ರೂಣವನ್ನು ಹಿಡಿದ ಸಸ್ಪೆನ್ಸರ್ ಎಂಬ ತೊಟ್ಟು ಬಟಾಣಿಯಲ್ಲಿ ನಾಲ್ಕೇ ಕೋಶದ್ದು, ಕೆಂಪು ಹೂವಿನ ಬೀನ್ಸಿನಲ್ಲಿ ಸುಮಾರು 200 ಕೋಶದ್ದು. ಆದರೆ ಬಟಾಣಿ, ಬೀನ್ಸ್ ಎರಡೂ ಒಂದೇ ಉಪಕುಟುಂಬ. ಹಾಗಾಗಿ ತೊಟ್ಟು ನೋಡಿ ಮನೆ ಹೇಳ್ಲಿಕ್ಕೆ ಹೋದರೆ ಮೋಸ ಹೋಗ್ತೇವೆ.

ನನಗೆ ಗಟ್ಟಿ ಅನ್ನಿಸುವ ಸಾಕ್ಷಿ ಬೇರೆ. ಹಸಿರು ಕಣದ ಡಿಎನ್‌ಎಯಲ್ಲಿ ಸುಮಾರು 25 ಸಾವಿರ ಅಕ್ಷರದ ಒಂದು ತುಂಡು ಸಾಮಾನ್ಯವಾಗಿ ಎರಡೆರಡು ಪ್ರತಿ ಇರ್ತದೆ. ಕಡಲೆ, ಬಟಾಣಿ, ಮಸೂರ, ಮೆಂತೆಯಲ್ಲಿ ಒಂದೇ ಉಂಟು. ಎಂದೋ ಒಬ್ಬ ಅಜ್ಜನಲ್ಲಿ ಕಳೆದುಹೋದದ್ದು ಮಕ್ಕಳಿಗೆಲ್ಲ ಬಂತು.

ಇದು ಗದ್ದೆಗೆ ಯಾಕೆ? ಹೋದ ವರ್ಷ ನಮ್ಮ ಕುಂದಾಪುರ ಬದಿಯ ಹೊಯಿಗೆ ಗದ್ದೆಗೆ ನೆಲಕಡಲೆ ಬಿತ್ತುವಾಗ ಅಂಗಡಿಯವ ಕೊಟ್ಟ ರೈಜೋಬಿಯಂ (ಬೇರಿನ ಗಂಟಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಪೊಟ್ಟಣದಲ್ಲಿ ಬರೀ 'ಕಡಲೆ' ಅಂತ ಇತ್ತು. ಬಿತ್ತಿದೆ. ತಿಂಗಳ ನಂತರ ಕಿತ್ತು ನೋಡಿದರೆ ಪೊಟ್ಟಣ ಹಾಕದ ಸಾಲಿಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸ ಇಲ್ಲ. ಕಡಲೆಯ ಬ್ಯಾಕ್ಟೀರಿಯಾ ಬೇರೆಯೇ ಜಾತಿ. ನೆಲಕಡಲೆಗೆ ಬೇಕಾದದ್ದು ಅಲಸಂಡೆ ಗುಂಪಿನ ಬ್ರಾಡಿರೈಜೋಬಿಯಂ. ತಮಾಷೆ ಅಂದರೆ ನೆಲಕಡಲೆ ಅಲಸಂಡೆಗೆ ಹತ್ತಿರದ ನೆಂಟನೇನೂ ಅಲ್ಲ. ಅಂದರೆ ವಂಶಾವಳಿಯನ್ನೂ ಪೂರ್ತಿ ನಂಬಿ ಪೊಟ್ಟಣ ತರುವ ಹಾಗಿಲ್ಲ, ಬೆಳೆಯ ಹೆಸರು ಓದಿಯೇ ತನ್ನಿ.

ಇನ್ನು ಹುಣಸೆ, ಕಕ್ಕೆ, ಮಂದಾರದ ಬೇರಲ್ಲಿ ಗಂಟು ಹುಡುಕುವುದು ಬೇಡ, ಅವಕ್ಕೆ ಇಲ್ಲ. ತೋಟದ ಬೇಲಿಗೆ ಗಂಟು ಕಟ್ಟುವ ಗ್ಲಿರಿಸಿಡಿಯಾ ಹಾಕಿ. ಗಂಟು ಸಿಕ್ಕಿದರೆ ಉಗುರಲ್ಲಿ ಒಡೆಯಿರಿ: ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೀತಾ ಉಂಟು, ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ.