ಸೆಪ್ಟೆಂಬರ್ ತನಕ ಏನೂ ನೆಡಬೇಡ ತಂಗಿ

ತಂಗಿ,

ನಿನ್ನ ಪತ್ರ ಓದಿದೆ. ಕಾರವಾರದಿಂದ ಬ್ರಿಸ್ಬೇನಿಗೆ ಬಂದು ಎರಡು ತಿಂಗಳಾಯಿತು, ಬಾಡಿಗೆ ಮನೆಯ ಹಿಂದೆ ಒಂದಿಷ್ಟು ಜಾಗ ಇದೆ, ಅಲ್ಲಿ ಏನು ನೆಡಲಿ, ಊರಿಂದ ಬೀಜ ತರಿಸಲಾ, ಹಾವು ಗೀವು ಬರುತ್ತದಾ, ರಾತ್ರಿ ಮಾಡಿನ ಮೇಲೆ ಧಡಧಡ ಓಡುವುದು ಯಾರು, ಇಲ್ಲಿ ಮನಸ್ಸು ಹತ್ತುವುದು ಯಾವಾಗ ಅಂತ ಒಂದೇ ಉಸಿರಿಗೆ ಐದು ಪ್ರಶ್ನೆ ಕೇಳಿದ್ದೀ. ನಾನು ಅಲ್ಲಿಗೆ ಹೋಗಿ 14 ವರ್ಷವಾಯಿತು. ಈಗ ಮಕ್ಕಳ ರಜೆಗೆ ಶಿರಸಿಗೆ ಬಂದಿದ್ದೇನೆ. ಹೊರಗೆ ಆಷಾಢದ ಮಳೆ. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಸಲು ಅಣ್ಣ ಮಳೆ ನಿಂತು ಹೊಳವಾಗುವುದನ್ನು ಕಾಯುತ್ತಿದ್ದಾನೆ. ಜಗಲಿಯಲ್ಲಿ ಕೂತು ಬರೆಯಲು ಪುರಸೊತ್ತಿದೆ.

ಮೊದಲನೆಯದು: ಈಗ ಏನೂ ನೆಡಬೇಡ. ಅಲ್ಲಿ ಈಗ ಚಳಿ, ಒಣ ಹವೆ. ನಮ್ಮ ಕಡೆಯ ಗಿಡಗಳಿಗೆ ಬೇಕಾದ ಬಿಸಿ, ಮಳೆ ಎರಡೂ ಇಲ್ಲ. ಸೆಪ್ಟೆಂಬರ್ ತನಕ ಸುಮ್ನೆ ನೋಡು. ಬಿಸಿಲು ಎಲ್ಲಿ ಬೀಳುತ್ತದೆ ಅನ್ನುವುದನ್ನೇ ನೋಡು. ನಾನು ಅಲ್ಲೇ ಎಡವಿದ್ದು. ಇಲ್ಲಿ ತೋಟದಲ್ಲಿ ನೈಋತ್ಯದ ಬಿಸಿಲಿಗೆ ಅಡಿಕೆ ಮರ ಸೀಳುತ್ತದೆ ಅಂತ ಆ ಕಡೆಗೆ ನೆರಳು ಮಾಡುವುದನ್ನು ನೋಡಿ ಬೆಳೆದವಳು ನಾನು. ತೆಂಕಣಕ್ಕೆ ಬಿಸಿಲು ಜಾಸ್ತಿ ಅಂತ ತಲೆಯಲ್ಲಿ ಕೂತಿತ್ತು. ಬ್ರಿಸ್ಬೇನಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ಬಡಗು ದಿಕ್ಕಿಗೇ ಇರುತ್ತಾನೆ. ಮನೆಯ ದಕ್ಷಿಣ ಗೋಡೆಯ ಬುಡ ಚಳಿಗಾಲದಲ್ಲಿ ಬಾವಿಯ ಹಾಗೆ ತಣ್ಣಗಿರುತ್ತದೆ. ನನ್ನ ಮೊದಲ ಕರಿಬೇವಿನ ಗಿಡವನ್ನು ನೆಟ್ಟದ್ದು ಅಲ್ಲೇ. ಎಲೆಯೆಲ್ಲ ಉದುರಿಸಿಕೊಂಡು ಕಡ್ಡಿಯಾಗಿ ನಿಂತಿತು.

ಆ ಕರಿಬೇವು ಸಿಕ್ಕಿದ್ದೂ ಸುಲಭಕ್ಕಲ್ಲ. ಬೀದಿಬೀದಿಯಲ್ಲಿ ಬೇಲಿಗೆ ಒಂದು ಗಿಡ ಹಾಕಿರುತ್ತಾರೆ, ನೋಡಿರಬಹುದು. ಕಡು ಹಸಿರು ಎಲೆ, ಬಿಳಿ ಹೂವು, ಮಳೆ ಬಂದ ಮರುದಿನ ಘಮ್ ಅನ್ನುತ್ತದೆ. ನರ್ಸರಿಯವರು ಅದಕ್ಕೆ ಮುರ್ರಾಯ ಅನ್ನುತ್ತಾರೆ. ಕರಿಬೇವಿನ ಸಸ್ಯಶಾಸ್ತ್ರದ ಹೆಸರು ಮುರ್ರಾಯದಿಂದ ಶುರುವಾಗುತ್ತದೆ ಅಂತ ಎಲ್ಲೋ ಓದಿದ್ದೆ. ಇನ್ನೇನು, ಮೂರು ಗಿಡ ಕೊಂಡು ತಂದೆ. ಒಗ್ಗರಣೆಗೆ ಹಾಕಿದಾಗ ಗೊತ್ತಾಯಿತು, ಇದು ಬರೀ ನೆಂಟ. ಮೂಗಿಗೆ ಏನೂ ಬರಲಿಲ್ಲ. ಇದರ ಬೀಜವನ್ನು ಹಕ್ಕಿಗಳು ಹರಡಿ ಗಿಡ ಕಾಡಿಗೆ ನುಗ್ಗುತ್ತದೆ ಅಂತ ಅಲ್ಲಿ ಅದಕ್ಕೆ ಕೆಟ್ಟ ಹೆಸರೂ ಇದೆ. ನೀನು ಎಲೆ ಕಿವುಚಿ ಮೂಸಿ ನೋಡದೆ ಯಾವ ಕರಿಬೇವನ್ನೂ ಕೊಳ್ಳಬೇಡ.

ಅಡಿಕೆ ಮರ ಕಂಡೆ ಅಂತ ಬರೆದಿದ್ದೀಯಲ್ಲ, ಅದು ಅಡಿಕೆ ಅಲ್ಲ. ನಾನೂ ಬಂದ ದಿನವೇ ಮೋಸಹೋಗಿದ್ದೆ. ಟ್ಯಾಕ್ಸಿಯ ಕಿಟಕಿಯಿಂದ ನೋಡಿ ಗಂಡನ ತೋಳು ಹಿಡಿದು ಕೂಗಿದ್ದೆ. ಅದೇ ಸಪೂರ ಕಾಂಡ, ಅದೇ ಗಣ್ಣು, ತುದಿಯಲ್ಲಿ ಸೋಗೆಯ ಬುಡ ಸುತ್ತಿಕೊಂಡ ಹಸಿರು ಹಾಳೆ. ಅದರ ಹೆಸರು ಬ್ಯಾಂಗಲೋ ಪಾಮ್. ಬೆಂಗಳೂರಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಅದು ಆಸ್ಟ್ರೇಲಿಯಾದ ಪೂರ್ವ ಕರಾವಳಿಯದೇ ಮರ, ನೀರಿರುವ ಕೊಳ್ಳಗಳಲ್ಲಿ ಹುಟ್ಟಿ ಬೆಳೆಯುವಂಥದ್ದು. ನಮ್ಮ ತೋಟಗಳೂ ಎರಡು ಬೆಟ್ಟದ ನಡುವಿನ ತಗ್ಗಿನಲ್ಲೇ ಇರುತ್ತವಲ್ಲ, ಹಾಗೆ. ಗೊನೆ ಬಿಡುತ್ತದೆ, ಆದರೆ ಕಾಯಿ ಪುಟಾಣಿ, ಕೆಂಪು. ಬಾಯಿಗೆ ಹಾಕುವ ಯೋಚನೆ ಬೇಡ. ಅದು ಬಾವಲಿಗಳಿಗೆ, ಹಕ್ಕಿಗಳಿಗೆ.

ಆದರೆ ಹಾಳೆ ಮಾತ್ರ ಅಪ್ಪಟ ಹಾಳೆ. ಉದುರಿದರೆ ಅಲ್ಲಿಯವರು ಕತ್ತರಿಸಿ ಹಸಿರು ಮುಚ್ಚಳದ ಕಸದ ಡಬ್ಬಿಗೆ ತುಂಬುತ್ತಾರೆ. ನನಗೆ ಅದನ್ನು ಎಸೆಯಲು ಕೈ ಬರಲಿಲ್ಲ. ಮಗನಿಗೆ ಆಗ ನಾಲ್ಕು ವರ್ಷ. ಹಾಳೆಯ ಮೇಲೆ ಕೂರಿಸಿ ಹಿತ್ತಲಿನ ಹುಲ್ಲಿನ ಮೇಲೆ ದರದರ ಎಳೆದೆ. ಇಲ್ಲಿ ನಾವು ಅಂಗಳದಲ್ಲಿ ಆಡುತ್ತಿದ್ದ ಹಾಗೆಯೇ. ಬೇಲಿಯಾಚೆಯ ಮುದುಕರು ನೋಡಿದರು, ಏನೂ ಹೇಳಲಿಲ್ಲ. ಮರುದಿನ ನಮ್ಮ ಗೇಟಿನ ಹತ್ತಿರ ಎರಡು ಹಾಳೆ ತಂದಿಟ್ಟು ಹೋಗಿದ್ದರು. ಅವರ ಪರಿಚಯವಾದದ್ದು ಹೀಗೆ.

ಈಗ ಬ್ರಷ್ ಟರ್ಕಿ ಅನ್ನುವ ಹಕ್ಕಿಯ ಕತೆ. ನಿನ್ನ ಹಿತ್ತಲಿಗೆ ಅದು ಬಂದೇ ಬರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೋಳಿಗಿಂತ ದೊಡ್ಡದು, ಮೈ ಕಪ್ಪು, ತಲೆ ಬೋಳು ಕೆಂಪು, ಗಂಡಿನ ಕತ್ತಿಗೆ ಹಳದಿ ಜೋಲು. ನಾನು ಎರಡನೇ ವರ್ಷ ಅರಿಶಿನಕ್ಕೆ ಮಡಿ ಮಾಡಿ, ಮೇಲೆ ಕಬ್ಬಿನ ಒಣ ಸೋಗೆಯನ್ನು ಚೀಲಗಟ್ಟಲೆ ಕೊಂಡು ತಂದು ಹೊದೆಸಿದ್ದೆ. ಕೆಲಸಕ್ಕೆ ಹೋಗಿ ಸಂಜೆ ಬರುವಷ್ಟರಲ್ಲಿ ಮಡಿ ಬೋಳು. ಗಡ್ಡೆಗಳೆಲ್ಲ ಮೇಲೆ ಬಿದ್ದಿವೆ, ಸೋಗೆ ಒಂದು ಎಸಳೂ ಇಲ್ಲ. ಯಾರೋ ಕದ್ದರು ಅಂತಲೇ ತಿಳಿದೆ. ಮೂಲೆಯಲ್ಲಿ ನೋಡಿದರೆ ಸೊಂಟದೆತ್ತರದ ರಾಶಿ. ಅದರ ಮೇಲೆ ಈ ಮಹಾರಾಯ ನಿಂತು ಕಾಲಿನಿಂದ ಹಿಂದಕ್ಕೆ ಕೆರೆದು ಕೆರೆದು ಇನ್ನೂ ಎಳೆದು ಹಾಕುತ್ತಿದ್ದಾನೆ.

ಎಂಥಾ ಸಿಟ್ಟು ಬಂತು ಅಂದರೆ ಕೋಲು ಹಿಡಿದು ಓಡಿಸಿದೆ. ಆ ಹಕ್ಕಿ ಹಾರಿ ಬೇಲಿಯ ಮೇಲೆ ಕೂತಿತು, ನಾನು ಒಳಗೆ ಹೋದ ಕೂಡಲೇ ಇಳಿದು ಬಂತು. ಹೀಗೆ ನಾಲ್ಕು ದಿನ. ಐದನೇ ದಿನ ಬೇಲಿಯಾಚೆಯ ಮುದುಕರು ಕರೆದು ಹೇಳಿದರು. ಅದು ಕಾನೂನಿನ ರಕ್ಷಣೆ ಇರುವ ಹಕ್ಕಿ, ಹೊಡೆದರೆ ದಂಡ ಬೀಳುತ್ತದೆ. ಆಮೇಲೆ, ಆ ರಾಶಿಯೇ ಅದರ ಗೂಡು. ಹೆಣ್ಣು ಬಂದು ಮೊಟ್ಟೆ ಹೂತಿಟ್ಟು ಹೋಗುತ್ತದೆ, ಕಾವಿಗೆ ಕೂರುವುದೇ ಇಲ್ಲ. ಎಲೆ ಕೊಳೆಯುವಾಗ ಹುಟ್ಟುವ ಬಿಸಿಯೇ ಕಾವು.

ನಾನು ಅಲ್ಲೇ ನಿಂತುಬಿಟ್ಟೆ. ಚಿಕ್ಕವಳಿದ್ದಾಗ ಬೆಟ್ಟದಿಂದ ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ಹಗ್ಗದ ಬಲೆಯಂಥ ಕಲ್ಲಿಯಲ್ಲಿ ತುಂಬಿ ತರುತ್ತಿದ್ದೆವು. ಕೊಟ್ಟಿಗೆಗೆ ಹಾಸಿ, ಸಗಣಿಯ ಜೊತೆ ಗುಂಡಿಗೆ ಹಾಕಿದರೆ ಚಳಿಗಾಲದ ಬೆಳಿಗ್ಗೆ ಗೊಬ್ಬರದಿಂದ ಹೊಗೆ ಏಳುತ್ತಿತ್ತು. ಅದರೊಳಗೆ ಕೈ ಹಾಕಿ ಬೆಚ್ಚಗೆ ಮಾಡಿಕೊಂಡು ಆಯಿಯ ಹತ್ತಿರ ಬೈಸಿಕೊಂಡದ್ದೂ ಇದೆ. ಆ ಬಿಸಿಯಲ್ಲಿ ಮರಿ ಮಾಡುವ ಹಕ್ಕಿಯೊಂದು ಇದೆ ಅಂತ ಯಾರು ಎಣಿಸಿದ್ದರು?

ಆಮೇಲೆ ಅದನ್ನು ನೋಡುವುದೇ ಕೆಲಸವಾಯಿತು. ಗಂಡು ರಾಶಿಯೊಳಗೆ ಕೊಕ್ಕು ತೂರಿಸಿ ಬಿಸಿ ಎಷ್ಟಿದೆ ಅಂತ ನೋಡುತ್ತದೆ. ಜಾಸ್ತಿಯಾದರೆ ಮೇಲಿನ ಎಲೆ ಕೆರೆದು ತೆಗೆಯುತ್ತದೆ, ಕಡಿಮೆಯಾದರೆ ಇನ್ನಷ್ಟು ಹೊದೆಸುತ್ತದೆ. ಹೀಗೆ 33ರಿಂದ 35 ಡಿಗ್ರಿಯ ಹತ್ತಿರ ಇಟ್ಟುಕೊಳ್ಳುತ್ತದೆ. ಸುಮಾರು ಏಳು ವಾರಕ್ಕೆ ಮರಿ ಒಡೆದು, ರಾಶಿಯನ್ನು ತಾನೇ ತೋಡಿಕೊಂಡು ಮೇಲೆ ಬರುತ್ತದೆ. ಅಪ್ಪ ಅಮ್ಮ ಯಾರೂ ತಿರುಗಿ ನೋಡುವುದಿಲ್ಲ. ಅದು ಸೀದಾ ಪೊದೆ ಸೇರುತ್ತದೆ, ಕೆಲವು ಗಂಟೆಗಳಲ್ಲೇ ಹಾರುತ್ತದೆ. ಆ ವರ್ಷ ಅರಿಶಿನ ಬೆಳೆಯಲಿಲ್ಲ, ಹೋಗಲಿ.

ಉಪಾಯ ಬೇಕಾದರೆ: ಗಿಡದ ಬುಡಕ್ಕೆ ಭಾರದ ಕಲ್ಲು ಜೋಡಿಸು, ಇಲ್ಲವೇ ತಂತಿ ಬಲೆ ಹಾಸಿ ಅದರ ಮೇಲೆ ತೆಳ್ಳಗೆ ಎಲೆ ಹಾಕು. ಅದಕ್ಕೆಂದೇ ಒಂದು ಮೂಲೆ ಬಿಟ್ಟುಕೊಡು. ಈ ಕತೆಯನ್ನು ಅಣ್ಣನಿಗೆ ಹೇಳಿದಾಗ ಅವನು ಅಂದದ್ದು ಇಷ್ಟೇ: "ಇಲ್ಲಿ ದರಕು ಗುಡಿಸಲು ಆಳು ಸಿಗ್ತಾ ಇಲ್ಲೆ. ನಾಲ್ಕು ಜೋಡಿ ಕಳಿಸು."

ಅರಿಶಿನ ಅಂದೆನಲ್ಲ, ಒಂದು ಮಾತು. ನಾಗರಪಂಚಮಿಗೆ ನಿಮ್ಮ ಕಡೆ ಅರಿಶಿನ ಎಲೆಯಲ್ಲಿ ಪಾತೋಳಿ ಕಡುಬು ಮಾಡುತ್ತೀರಿ. ಬ್ರಿಸ್ಬೇನಿನಲ್ಲಿ ಆ ಹೊತ್ತಿಗೆ ಅರಿಶಿನ ಎಲೆ ಒಣಗಿ ನೆಲ ಸೇರಿರುತ್ತದೆ. ಹಬ್ಬ ಶ್ರಾವಣದಲ್ಲಿ, ಗಿಡದ ಲೆಕ್ಕದಲ್ಲಿ ಅದು ಚಳಿಗಾಲ. ಮಾರ್ಚಿನಲ್ಲಿ ಎಲೆ ಸೊಂಪಾಗಿದ್ದಾಗಲೇ ಕುಯ್ದು, ಒರೆಸಿ, ಫ್ರೀಜರಿನಲ್ಲಿ ಇಡಬೇಕು. ಗಡ್ಡೆಗೆ ಊರಿನ ತನಕ ಹೋಗಬೇಕಿಲ್ಲ, ಅಂಗಡಿಯ ಹಸಿ ಅರಿಶಿನವೇ ಸೆಪ್ಟೆಂಬರಿನಲ್ಲಿ ಮೊಳಕೆ ಒಡೆಯುತ್ತದೆ. ಬಸಳೆ ಅಲ್ಲಿ ಸಿಲೋನ್ ಸ್ಪಿನಾಚ್ ಅನ್ನುವ ಹೆಸರಲ್ಲಿ ಸಿಗುತ್ತದೆ. ಬಾಡಿಗೆ ಮನೆ ಆದ್ದರಿಂದ ನೆಲ ಅಗೆಯುವ ಮೊದಲು ಮಾಲೀಕರನ್ನು ಒಂದು ಮಾತು ಕೇಳು. ಕುಂಡವಾದರೆ ಚಿಂತೆಯಿಲ್ಲ.

ಊರಿಂದ ಬೀಜ ತರಿಸುವ ಯೋಚನೆ ಬಿಟ್ಟುಬಿಡು. ನಾನು ಮೊದಲ ಸಲ ಊರಿಗೆ ಬಂದು ವಾಪಸು ಹೊರಟಾಗ ಆಯಿ ಒದ್ದೆ ಬಟ್ಟೆಯಲ್ಲಿ ಒಂದೆಲಗದ ಬೇರು ಸುತ್ತಿ ಚೀಲಕ್ಕೆ ಹಾಕಿದ್ದಳು. ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಗಿಡ ಇದೆ ಅಂತ ನಿಜ ಬರೆದೆ. ತೆಗೆದುಕೊಂಡರು, ದಂಡ ಹಾಕಲಿಲ್ಲ. ಬರೆಯದೆ ಸಿಕ್ಕಿಬಿದ್ದರೆ ದಂಡ ಜೋರು. ವೀಸಾ ರದ್ದಾದದ್ದೂ ಇದೆ. ಅವರದ್ದು ದ್ವೀಪ, ಒಂದು ಹುಳು ಬಂದರೆ ಬೆಳೆಯೇ ಹೋದೀತು ಅನ್ನುವ ಹೆದರಿಕೆ. ಹೆದರಿಕೆಗೆ ಕಾರಣವೂ ಇದೆ. ಕಬ್ಬಿನ ಹುಳ ತಿನ್ನಲಿ ಅಂತ 1935ರಲ್ಲಿ ಹವಾಯಿಯಿಂದ ತಾವೇ ಒಂದು ಜಾತಿಯ ಕಪ್ಪೆ ತಂದರು. ಅದು ಹುಳ ಬಿಟ್ಟು ಉಳಿದೆಲ್ಲ ತಿಂದು ಬ್ರಿಸ್ಬೇನ್ ಇರುವ ಇಡೀ ಕ್ವೀನ್ಸ್‌ಲ್ಯಾಂಡ್ ರಾಜ್ಯ ತುಂಬಿತು. ಮಳೆಗಾಲದ ರಾತ್ರಿ ನಿನ್ನ ಮೆಟ್ಟಿಲ ಮೇಲೂ ಕೂತಿರುತ್ತದೆ. ಅದರ ಮೈಯಲ್ಲಿ ವಿಷವಿದೆ, ನಾಯಿ ಸಾಕಿದರೆ ಜೋಕೆ.

ಒಂದೆಲಗ ಹೋಯಿತು ಅಂತ ನಾನು ಮನೆ ತಲುಪುವ ತನಕ ಅತ್ತಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅದಾಗಿ ಒಂದು ವರ್ಷಕ್ಕೆ ಹಿತ್ತಲಿನ ನಲ್ಲಿ ಸೋರಿ ಆ ಜಾಗ ಸದಾ ಒದ್ದೆ. ಹುಲ್ಲಿನ ನಡುವೆ ದುಂಡು ಎಲೆ ಕಂಡಿತು. ಕಿತ್ತು ಮೂಸಿದೆ. ಒಂದೆಲಗವೇ. ವಿಚಾರಿಸಿದರೆ ಅದು ಅಲ್ಲಿಯ ನೆಲದ್ದೇ ಗಿಡ, ಯಾರೂ ತಂದದ್ದಲ್ಲ. ಕೀಲುನೋವಿಗೆ ಒಳ್ಳೆಯದು ಅಂತ ದಿನಕ್ಕೆ ಎರಡು ಎಲೆ ತಿನ್ನುವವರೂ ಅಲ್ಲಿದ್ದಾರೆ. ಅವತ್ತು ತಂಬುಳಿ ಮಾಡಿ ಊಟ ಮಾಡಿದೆವು. ನೀನು ಮಾತ್ರ ಅವಸರ ಮಾಡಬೇಡ, ಅದನ್ನೇ ಹೋಲುವ ಬೇರೆ ಎರಡು ಮೂರು ಕಳೆ ಇವೆ, ಹುಲ್ಲಿಗೆ ಔಷಧ ಹೊಡೆದಿದ್ದರಂತೂ ಮುಟ್ಟಲೇಬೇಡ.

ಹಾವು ಬರುತ್ತದೆ. ಮಾಡಿನೊಳಗೆ ಸೇರುವುದು ಹೆಚ್ಚಾಗಿ ಕಾರ್ಪೆಟ್ ಪೈಥಾನ್ ಅನ್ನುವ ಹೆಬ್ಬಾವು, ವಿಷವಿಲ್ಲದ್ದು, ಇಲಿ ತಿನ್ನಲು ಬರುತ್ತದೆ. ಕಂದು ಹಾವು ಅಪಾಯದ್ದು. ಗುರುತು ಹಿಡಿಯುವ ಸಾಹಸ ಬೇಡ, ಲೈಸೆನ್ಸ್ ಇರುವ ಹಾವು ಹಿಡಿಯುವವರಿಗೆ ಫೋನು ಮಾಡು. ಹೊರಗಿಟ್ಟ ಚಪ್ಪಲಿ, ಬೂಟು ಕೊಡವದೆ ಹಾಕಬೇಡ, ಬೆನ್ನಿನ ಮೇಲೆ ಕೆಂಪು ಪಟ್ಟಿಯ ಜೇಡ ಇರುತ್ತದೆ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡ. ಮಾಡಿನ ಮೇಲೆ ಓಡುವುದು ಪಾಸಮ್, ಮರ ಹತ್ತುವ ಬೆಕ್ಕಿನ ಗಾತ್ರದ ಒಂದು ಪ್ರಾಣಿ. ಗುಲಾಬಿ ಚಿಗುರು ತಿನ್ನುತ್ತದೆ, ಬೇರೇನಿಲ್ಲ. ನಮ್ಮ ತೋಟದ ಮಂಗಗಳನ್ನು ಕಂಡವರಿಗೆ ಅದು ಸಂಭಾವಿತ ಅಂತಲೇ ಅನಿಸಬೇಕು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಕಪ್ಪು ಬಿಳಿ ಮ್ಯಾಗ್‌ಪೈ ಹಕ್ಕಿ ಗೂಡಿನ ಹತ್ತಿರ ಹೋದವರ ತಲೆಗೆ ಎರಗುತ್ತದೆ. ಆ ರಸ್ತೆ ಬಿಟ್ಟು ಬೇರೆ ರಸ್ತೆ ಹಿಡಿ. ಅದು ಮನುಷ್ಯರ ಮುಖ ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಕಲ್ಲು ಹೊಡೆದು ಹಗೆ ಕಟ್ಟಿಕೊಳ್ಳಬೇಡ.

ಗೊರವಂಕ ನೋಡಿ ಖುಷಿಯಾಯಿತು ಅಂದೆಯಲ್ಲ. ನಾನೂ ಖುಷಿಪಟ್ಟು ಪಕ್ಕದವರಿಗೆ ನಮ್ಮೂರ ಹಕ್ಕಿ ಅಂತ ತೋರಿಸಿದ್ದೆ. ಅವರ ಮುಖ ಸಣ್ಣದಾಯಿತು. 1862ರಲ್ಲಿ ಮೆಲ್ಬರ್ನಿಗೆ ತಂದು ಬಿಟ್ಟದ್ದು, ಈಗ ಅಲ್ಲಿಯ ಹಕ್ಕಿಗಳ ಗೂಡಿನ ಪೊಟರೆ ಕಸಿಯುತ್ತದೆ ಅಂತ ಜನಕ್ಕೆ ಅದನ್ನು ಕಂಡರಾಗದು. ನನಗೆ ಸ್ವಲ್ಪ ಚುರ್ ಅಂದಿತು. ಆಮೇಲೆ ನೆನಪಾಯಿತು, ನಿಮ್ಮ ಕಾರವಾರದ ಕಡಲತೀರದ ಗಾಳಿಮರ, ಇಲ್ಲಿ ಗುಡ್ಡ ತುಂಬಿರುವ ಅಕೇಶಿಯಾ, ನೀಲಗಿರಿ, ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್, ಎಲ್ಲಕ್ಕೂ ಆಸ್ಟ್ರೇಲಿಯಾ ತವರು. ಲೆಕ್ಕ ಹಾಕಿದರೆ ನಾವು ಪಡೆದದ್ದೇ ಜಾಸ್ತಿ. ಅಕೇಶಿಯಾದ ಬುಡದಲ್ಲಿ ಹುಲ್ಲೂ ಏಳುವುದಿಲ್ಲ ಅಂತ ಅಣ್ಣ ಬೈಯುವುದನ್ನು ಕೇಳಿದರೆ ಬೇಲಿಯಾಚೆಯ ಮುದುಕರದೇ ದನಿ.

ಕೊನೆಯ ಪ್ರಶ್ನೆ, ಮನಸ್ಸು ಹತ್ತುವುದು ಯಾವಾಗ. ಎಲ್ಲರಿಗೂ ಒಂದೇ ತಾರೀಕು ಇರುವುದಿಲ್ಲ. ನನ್ನದು ಹೇಳುತ್ತೇನೆ. ಮೊದಲ ವರ್ಷ ಸೆಪ್ಟೆಂಬರಿನಲ್ಲಿ, ಇನ್ನೂ ಕತ್ತಲಿರುವಾಗಲೇ ಎಚ್ಚರವಾಯಿತು. ಕೋಗಿಲೆ. ಕನಸು ಅಂದುಕೊಂಡು ಮಗ್ಗುಲಾದೆ. ಮತ್ತೆ ಕೂಗಿತು. ನಮ್ಮ ಕೋಗಿಲೆಯ ದಾಯಾದಿ ಅದು. ಉತ್ತರದ ನ್ಯೂಗಿನಿ ಕಡೆಯಿಂದ ಹಾರಿ ಬಂದು ಬೇಸಗೆಯೆಲ್ಲ ಇದ್ದು ಮಾರ್ಚಿನ ಹೊತ್ತಿಗೆ ಹೋಗುತ್ತದೆ. ಕಾಗೆಯ ಗೂಡಿನ ಬದಲು ಬೇರೆ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆ ಇಡುತ್ತದೆ, ಬುದ್ಧಿ ಅದೇ. ಬೆಳಗಾದರೂ ನಿಲ್ಲಿಸಲಿಲ್ಲ. ಹನ್ನೊಂದಕ್ಕೆ ಇಲ್ಲಿಗೆ ಫೋನು ಮಾಡಿದೆ, ಇಲ್ಲಿ ಆರೂವರೆ. ಮಾತಾಡದೆ ಫೋನನ್ನು ಕಿಟಕಿಯ ಹೊರಗೆ ಹಿಡಿದೆ.

"ಚೌತಿ ಹತ್ರ ಬಂತು, ಈಗೆಂತಾ ಕೋಗ್ಲೆ ಕೂಸೇ?" ಅಂದಳು ಆಯಿ. ಆಮೇಲೆ ಒಳಗೆ ತಿರುಗಿ ಅಪ್ಪನನ್ನು ಕರೆದಳು. ಇಬ್ಬರೂ ಏನೂ ಮಾತಾಡದೆ ಕೇಳುತ್ತಿದ್ದರು. ಆಗಿನ ಕಾಲಕ್ಕೆ ಐಎಸ್‌ಡಿ ದುಡ್ಡು ಓಡುತ್ತಿತ್ತು, ನಾನು ಇಡಲಿಲ್ಲ.

ಇನ್ನು ಎರಡು ತಿಂಗಳಿಗೆ ನಿನ್ನ ಕಿಟಕಿಯ ಹತ್ತಿರವೂ ಬರುತ್ತದೆ. ನಿದ್ದೆ ಕೆಡಿಸುತ್ತದೆ ಅಂತ ಅಕ್ಕಪಕ್ಕದವರು ಬೈಯುತ್ತಾರೆ, ನೀನು ಕಿವಿಗೆ ಹಾಕಿಕೊಳ್ಳಬೇಡ. ಅರಿಶಿನದ ಗಡ್ಡೆಯನ್ನು ಆ ವಾರವೇ ಹೂಳು. ಮಳೆ ಹೊಳವಾಗಿದೆ, ಮದ್ದಿನವರು ಬಂದರು ಅಂತ ಅಣ್ಣ ಕೂಗುತ್ತಿದ್ದಾನೆ. ಅವರಿಗೆ ಚಾ ಇಡಬೇಕು.

ನಿನ್ನ ಅಕ್ಕ